ತೊಗರಿ ತುಂಬಿದ ಸಾಲಿ

ಈ ಸಂಗತಿಯನ್ನು ಊರೊಳಗಿನವರು ಮಳೆಯಿಂದ ಶುರುಮಾಡುತ್ತಾರೆ. ಆ ವರ್ಷ ಶ್ರಾವಣದ ಕೊನೆಗೆ ಬರುವ ಹುಬ್ಬಿ ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಸುರಿಯಿತು, ಗೌಡರ ಮಾಲು ನೆನೆಯಿತು, ಅಷ್ಟೇ ಎನ್ನುತ್ತಾರೆ. ಹೊಲಗೇರಿಯವರು ಮಳೆಯ ಮಾತನ್ನು ಕೊನೆಗೆ ತರುತ್ತಾರೆ. ಅವರು ಶುರುಮಾಡುವುದು ಸಾಬವ್ವನಿಂದ. ಹೇಳುವ ಬಾಯಿ ಬದಲಾದಂತೆ ಮಾತು ಅಷ್ಟಿಷ್ಟು ಬದಲಾಗುತ್ತದೆ. ಸಾಬವ್ವ ಕೂತ ಜಾಗ ಬದಲಾಗುವುದಿಲ್ಲ. ಆದ್ದರಿಂದ ಕೇರಿಯ ಕಡೆಯಿಂದಲೇ ಕೇಳಬೇಕು.

ಊರು ಜೇವರ್ಗಿ ತಾಲೂಕಿನದು, ಭೀಮಾ ಹೊಳೆಗೆ ಹತ್ತಿರ. ಎಂಬತ್ತಾರನೆಯ ಇಸವಿ. ಸರಕಾರಿ ಸಾಲಿಗೆ ಇದ್ದದ್ದು ಒಂದೇ ಖೋಲಿ. ಅದರ ನೆಲಕ್ಕೆ ಫರ್ಸಿಕಲ್ಲು ಹೊತ್ತು ತಂದವರು ಕೇರಿಯವರು. ಗೋಡೆಗೆ ಮಣ್ಣು ತುಳಿದವರು ಕೇರಿಯವರು. ಕೀಲಿಕೈ ಇದ್ದದ್ದು ದೌಲತರಾಯ ಗೌಡರ ವಾಡೆಯಲ್ಲಿ.

ಸಂಕ್ರಾಂತಿ ಕಳೆದ ಮೇಲೆ ಗೌಡರ ತೊಗರಿ ರಾಶಿಯಾಯಿತು. ವಾಡೆಯ ಕೋಣೆಗಳಲ್ಲಿ ಆಗಲೇ ಜೋಳ ತುಂಬಿತ್ತು. ಯುಗಾದಿಯವರೆಗೆ ಇರಲಿ ಎಂದು ಗೌಡರು ತೊಗರಿಯ ಚೀಲಗಳನ್ನು ಸಾಲಿಯ ಖೋಲಿಗೆ ಹಾಕಿಸಿದರು. ಹೊತ್ತು ಹಾಕಿದವರು ಕೇರಿಯವರೇ. ಗೌಡರ ಚೀಲ ಒಳಗೆ ಹೊರಗೆ ಮಾಡುವುದು ಕೇರಿಯ ಬಿಟ್ಟಿ ಚಾಕರಿ. ಅದಕ್ಕೆ ಕೂಲಿ ಕೇಳುವ ವಾಡಿಕೆ ಇರಲಿಲ್ಲ. ಬೇಸಿಗೆಯ ರಜೆಯವರೆಗೆ ಸಾಲಿ ಅಂಗಳದಲ್ಲೇ ನಡೆಯಿತು. ಯುಗಾದಿ ಹೋಯಿತು. ದರ ಏರಲಿಲ್ಲ. ಬೇಸಿಗೆಯ ರಜೆ ಮುಗಿದು ಸಾಲಿ ತೆರೆಯುವ ದಿನ ಬಂದಾಗಲೂ ಚೀಲಗಳು ತೊಲೆ ಮುಟ್ಟಿಕೊಂಡೇ ಇದ್ದವು.

ಮಳೆಗಾಲಕ್ಕೆ ಅಂಗಳ ಆಗದೆಂದು ಸಾಲಿಯನ್ನು ಹನುಮಪ್ಪನ ಗುಡಿಯ ಪೌಳಿಗೆ, ಸುತ್ತಿನ ಪಡಸಾಲೆಗೆ, ಒಯ್ದರು. ಪೌಳಿಯೊಳಗೆ ಕೇರಿಯ ಮಕ್ಕಳು ಕಾಲಿಡುವಂತಿರಲಿಲ್ಲ.

ಇದನ್ನು ತಿಳಿಸಲು ಗುರುರಾಜ ಮಾಸ್ತರರು ಕೇರಿಯ ಅಂಚಿನ ಬೇವಿನ ಗಿಡದವರೆಗೆ ಬಂದರು. ಅದರಿಂದಾಚೆಗೆ ಅವರು ಎಂದೂ ಬಂದವರಲ್ಲ. ಗಿಡದ ಕೆಳಗೆ ನಿಂತು ಸಾಬವ್ವನನ್ನು ಕೂಗಿದರು. ಸಾಲಿಯ ಅಂಗಳ ಕಸಗುಡಿಸುವವಳು ಅವಳೇ. ಕೇರಿಯ ಹೆಂಗಸರಲ್ಲಿ ಅಕ್ಷರ ಬಲ್ಲವಳೂ ಅವಳೊಬ್ಬಳೇ.

"ಸಾಬವ್ವ, ಸ್ವಲ್ಪ ದಿನ ನಿಮ್ಮ ಹುಡುಗರು ಮನ್ಯಾಗೇ ಓದ್ಲಿ. ಖೋಲಿ ಖಾಲಿ ಆಗೂತನಕ."

"ಯಾವಾಗ ಖಾಲಿ ಆಗ್ತದ್ರಿ?"

"ಅದು ಗೌಡ್ರ ಕೈಯಾಗದ."

"ಗುಡಿ ಹೊರಗರ ಕುಂದರ್ತಾವ ಬಿಡ್ರಿ. ಅರಳಿ ಗಿಡದ ನೆಳ್ಳಿಗಿ."

"ಬ್ಯಾಡ. ಮಂದಿ ಏನರ ಅಂತಾರ. ನೀ ಮೂರನೇ ಇಯತ್ತೆತನಕ ಕಲ್ತೀದಿ, ನೀನೇ ಹೇಳಿಕೊಡು. ಪಾಠ ಎಲ್ಲಿಗಿ ಬಂತಂತ ನಾ ಹೇಳ್ಕೋತ ಇರ್ತೀನಿ. ಮನ್ಯಾಗ ಕಲೀಲಿಕ್ಕಿ ಏನು ಬ್ಯಾನಿ?"

ಮಾಸ್ತರರು ಕೈಯಲ್ಲಿದ್ದ ಹಳೆಯ ಪುಸ್ತಕವನ್ನು ಗಿಡದ ಬುಡದ ಕಲ್ಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. ಸಾಬವ್ವ ಮುಂದೆ ಬಂದು ಎತ್ತಿಕೊಂಡಳು. ಆಕೆಗೆ ಸಿಟ್ಟು ಬರಲಿಲ್ಲ. ನೆಲದಿಂದ, ಕಲ್ಲಿನಿಂದ ಎತ್ತಿಕೊಳ್ಳುವುದು ಆಕೆಯ ಕೈಗೆ ಹುಟ್ಟಿನಿಂದ ರೂಢಿಯಾಗಿತ್ತು.

ಹೀಗೆ ಸಾಲಿ ಸಾಬವ್ವನ ಮನೆಗೆ ಬಂತು.

ಮನೆಯೆಂದರೆ ಒಂದೇ ಅಂಕಣ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಆಡು. ಆಕೆ ಹಂಚಿನ ತಳದ ಮಸಿ ಕೆರೆದು, ಹಸಿ ಸೊಪ್ಪಿನ ರಸ ಹಾಕಿ ಕಲಸಿ, ಒಂದು ಗೋಡೆಗೆ ಬಳಿದಳು. ಅದು ಹಲಗೆಯಾಯಿತು. ಮಕ್ಕಳಲ್ಲಿ ಯಾರ ಬಳಿಯೂ ಪಾಟಿ ಇರಲಿಲ್ಲ. ಒಡೆದ ಫರ್ಸಿಯ ತುಂಡುಗಳನ್ನು ಆರಿಸಿ ತಂದರು. ಬರೆಯಲು ಸುಣ್ಣದ ಹರಳು. ನಸುಕಿನಲ್ಲಿ ಆಕೆ ರೊಟ್ಟಿ ಬಡಿಯುವಾಗ ಮಕ್ಕಳು ಸುತ್ತ ಕೂತು ಮಗ್ಗಿ ಹೇಳುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಗ್ಗಿ ಹೊಂದಿಕೊಂಡಿತು. ಆಮೇಲೆ ಆಕೆ ಕಳೆ ಕೀಳಲು ಗೌಡರ ಹೊಲಕ್ಕೆ ಹೋಗುತ್ತಿದ್ದಳು. ಹೊತ್ತು ಮುಳುಗುವ ಮೊದಲು ಬಂದು, ಮಣ್ಣುಗೈಯಲ್ಲೇ ಗೋಡೆಯ ಮೇಲೆ ಬರೆದು ತೋರಿಸುತ್ತಿದ್ದಳು.

ಕೇರಿಯ ತುದಿಯಲ್ಲಿ ಚೀಲ ಹೊಲಿಯುವ ಪ್ಯಾರಿಬಿಯ ಮನೆ. ಆಕೆ ದಬ್ಬಣ ತಲೆಯ ಸೆರಗಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಏ ಸಾಬವ್ವ, ನಂದೂ ಹೆಸರು ಹಚ್ಕೋ ಬೇ ನಿನ್ನ ಸಾಲ್ಯಾಗ."

"ಈ ವಯಸ್ಸಿನ್ಯಾಗ ಏನ್ ಕಲೀತಿ ಪ್ಯಾರಿಬಿ?"

"ಕಲಿಯೂದು ಹಾಳಾಗ್ಲಿ. ಬಿಸಿ ರೊಟ್ಟಿ ಬೀಳ್ತಾವಲ್ಲ, ಅದರ ಮುಂದ ಕುಂದರ್ತೇನಿ."

ನಗುತ್ತಿದ್ದರು. ಆದರೆ ತಾಯಂದಿರು ಬಂದು ಹೇಳುವ ಮಾತು ನಗುವಂಥದ್ದಾಗಿರಲಿಲ್ಲ. ಒಬ್ಬಳು ಮಗಳನ್ನು ಕಳಿಸಲಾರೆ ಎಂದಳು, ಕೂಸು ನೋಡುವವರಿಲ್ಲ. ಕೂಸನ್ನು ಹೊತ್ತುಕೊಂಡೇ ಬರಲಿ ಎಂದಳು ಸಾಬವ್ವ. ಇನ್ನೊಬ್ಬಳು, ಸಾಲಿಯೇ ಇಲ್ಲದ ಮೇಲೆ ಮಗ ದನ ಕಾಯಲಿ ಎಂದಳು. ಆಕೆಯ ಮನೆಗೆ ಸಾಬವ್ವ ದಿನವೂ ಹೋದಳು. ಸೋತು ಬಂದಳು. ಮತ್ತೆ ಹೋದಳು. ಕಡೆಗೆ ಆ ತಾಯಿ ಬೇಸತ್ತು ಮಗನನ್ನು ಬೆಳಗಿನ ಹೊತ್ತಿಗೆ ಬಿಟ್ಟಳು.

ದಣಿವು ಮೈಯಲ್ಲೇ ಮನೆ ಮಾಡಿತ್ತು. ಎಷ್ಟೋ ಸಂಜೆ ಮಗ್ಗಿ ಹೇಳಿಸುತ್ತ ಹೇಳಿಸುತ್ತ ಸಾಬವ್ವ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದಳು. ಮಕ್ಕಳು ಎಬ್ಬಿಸುತ್ತಿರಲಿಲ್ಲ. ಅವುಗಳ ಮನೆಯಲ್ಲೂ ತಾಯಂದಿರು ಹಾಗೆಯೇ ಮಲಗುತ್ತಿದ್ದರು.

ಮಗಳು ಕಾಶಿಗೆ ಎಂಟು ವರ್ಷ. ಒಂದು ದಿನ ಕೇಳಿದಳು.

"ಎವ್ವಾ, ನಾವು ಸಾಲಿಗಿ ಯಾವಾಗ ಹೋಗೂದು?"

"ಇದು ಸಾಲಿ ಅಲ್ಲೇನು?"

"ಇದು ಮನಿ."

 ಆ ಮಾತು ಸಾಬವ್ವನೊಳಗೆ ಕೂತಿತು. ಮೊದಮೊದಲು ಮಾಸ್ತರರು ಗಿಡದ ಕೆಳಗೆ ನಿಂತು ಪಾಠ ಎಲ್ಲಿಗೆ ಬಂತೆಂದು ಹೇಳುತ್ತಿದ್ದರು. ಆಮೇಲೆ ದಾರಿಯಲ್ಲಿ ಕಂಡಾಗ ಮಾತ್ರ ಹೇಳಿದರು. ಶ್ರಾವಣ ಬರುವಷ್ಟರಲ್ಲಿ ಅದೂ ನಿಂತಿತು. ಪೌಳಿಯ ಹೊರಗಿನ ಕಸ ಗುಡಿಸುವಾಗ ಒಳಗಿನ ಮಕ್ಕಳು ಓದುವುದು ಆಕೆಗೆ ಕೇಳುತ್ತಿತ್ತು. ಅವರು ಎಷ್ಟೋ ಪಾಠ ಮುಂದೆ ಹೋಗಿದ್ದರು. ಕೇರಿಯ ಮಕ್ಕಳು ಹಿಂದೆ ಬೀಳುತ್ತಿದ್ದರು. ಇನ್ನೊಂದು ವರ್ಷ ಹೀಗೇ ಕಳೆದರೆ ಕಾಶಿಯ ಕೈಗೆ ಪುಸ್ತಕ ಹೋಗಿ ಕುಡುಗೋಲು ಬರುತ್ತದೆ ಎಂಬುದು ಸಾಬವ್ವನಿಗೆ ಗೊತ್ತಿತ್ತು. ತನ್ನ ಕೈಗೆ ಅದು ಹಾಗೆಯೇ ಬಂದಿತ್ತು.

ಶ್ರಾವಣ ಮುಗಿಯುವ ಹೊತ್ತಿನ ಒಂದು ಸಂಜೆ ಗಂಡ ಚಂದ್ರಾಮ ವಾಡೆಯಿಂದ ಬಂದವನೇ ಬಾಗಿಲಲ್ಲಿ ಕುಕ್ಕರಿಸಿದ. ವರ್ಷದ ಕರಾರಿನ ಮೇಲೆ ಗೌಡರ ಮನೆಯಲ್ಲಿ ಆಳಾಗಿದ್ದ. ಮಾತು ಕಡಿಮೆ.

"ನಾಳಿಗಿ ಜೇವರ್ಗಿಯಿಂದ ಸಾಹೇಬ್ರು ಬರ್ತಾರಂತ. ಸಾಲಿ ನೋಡಾಕ. ಮುಂಜಾನಿ ಎದ್ದು ಖೋಲಿ ಖಾಲಿ ಮಾಡಬೇಕಂತ. ನಮ್ಮ ಹುಡುಗರಿಗೂ ಕಳಸ್ರಿ ಅಂದಾರ, ತಲಿ ಬಾಚಿ."

ಸಾಬವ್ವ ಹಿಟ್ಟಿನಿಂದ ಕೈ ತೆಗೆದಳು. "ಖೋಲಿ ಬಿಟ್ಟುಕೊಟ್ರೇನು?"

"ಎಲ್ಲೀದು. ಸಾಹೇಬ್ರು ಹೋದ ಮ್ಯಾಲ ಮತ್ತ ತುಂಬಬೇಕು."

"ಮತ್ತ ತುಂಬೂದು ಯಾಕ?"

"ನನಗೇನು ಕೇಳ್ತಿ ಬೇ. ಗೌಡ್ರಿಗಿ ಕೇಳು. ಇಲ್ಲಾಂದ್ರ ತೊಗರಿಗಿ ಕೇಳು."

ಬೆಳಗಾಗುತ್ತಲೇ ಶುರುವಾಯಿತು. ಗಂಡಸರು ಬೆನ್ನ ಮೇಲೆ ಹೊತ್ತರು. ಹೆಂಗಸರು ಚೀಲಕ್ಕೆ ಮೂವರಂತೆ ಹಿಡಿದರು. ಒಬ್ಬಳು ತಳ, ಇಬ್ಬರು ಕಿವಿ. ಗೋಣಿಯ ನಾರು ಅಂಗೈ ಕೊಯ್ಯಿತು. ಒಳಗೆ ಏಳು ತಿಂಗಳ ಕಾವು, ಇಲಿಗಳ ನಾತ. ತೊಗರಿಯ ಧೂಳು ಮೂಗಿಗೆ, ಗಂಟಲಿಗೆ ಇಳಿಯಿತು. ಕೆಮ್ಮುತ್ತ ಹೊತ್ತರು. ಸಾಹೇಬರ ಕಣ್ಣಿಗೆ ಬೀಳದಂತೆ ಚೀಲಗಳನ್ನು ಖೋಲಿಯ ಹಿಂದಿನ ಬಯಲಿನಲ್ಲಿ ಒಟ್ಟಿದರು. ಆಮೇಲೆ ಇಲಿಯ ಹಿಕ್ಕೆ ಬಳಿದು, ನೆಲ ತೊಳೆದು, ಗೋಡೆಯ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಊರೊಳಗಿನ ಮಕ್ಕಳು ತಟ್ಟು ತಂದು ಹಾಸಿ ಮುಂದೆ ಕೂತರು. ಕೇರಿಯ ಮಕ್ಕಳು ಹಿಂದಿನ ಗೋಡೆಗೆ ಒತ್ತಿಕೊಂಡು ಬರಿ ನೆಲದ ಮೇಲೆ ಕೂತರು. ಫರ್ಸಿಯ ತುಂಡು ಕಂಡರೆ ಸಾಹೇಬರು ಏನೆಂದಾರೋ ಎಂದು ಮಾಸ್ತರರು ಎಲ್ಲಿಂದಲೋ ಪಾಟಿ ತಂದು ಆ ಮಕ್ಕಳ ಮುಂದೆ ಜಾರಿಸಿದರು. ಕೈಗೆ ಕೊಡಲಿಲ್ಲ.

ಸಾಬವ್ವ ಕಿಟಕಿಯ ಹೊರಗೆ ನಿಂತಳು. ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಒಳಗೆ ಕಾಶಿ ಬಾಯಿ ತೆರೆದುಕೊಂಡು ಹಲಗೆ ನೋಡುತ್ತಿದ್ದಳು.

ಜೀಪು ಬಂತು. ಸಾಹೇಬರು ಖುರ್ಚಿಯಲ್ಲಿ ಕೂತರು, ಚಹಾ ಕುಡಿದರು. ಮಾಸ್ತರರು ಹಲಗೆಯ ಮೇಲೆ ನಾಲ್ಕು ಸಾಲು ಬರೆದರು. ಎಲ್ಲರೂ ನೋಡಿ ಬರೆಯಬೇಕು. ಸಾಹೇಬರು ಸಾಲುಗಳ ನಡುವೆ ನಡೆದು ಪಾಟಿ ನೋಡುತ್ತ ಹಿಂದಿನ ಗೋಡೆಯವರೆಗೆ ಬಂದರು. ಅಲ್ಲಿ ನಿಂತರು. ಕಾಶಿಯ ಪಾಟಿ ನೋಡಿದರು. ಪಕ್ಕದ ಪಾಟಿ ನೋಡಿದರು. ಅದರಾಚೆಯದನ್ನೂ ನೋಡಿದರು.

"ಏನ್ರಿ ಮಾಸ್ತರ್ರ, ಇವು ಯಾಕ ಹಿಂಗ ಬರೀತಾವ? ಅಕ್ಷರ ಎಲ್ಲಾ ಹಿಂಡಿ ಇಟ್ಟಂಗ ಅದಾವ. ಎಲ್ಲರ್ದೂ ಒಂದೇ ನಮೂನಿ."

ತಪ್ಪಿರಲಿಲ್ಲ. ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ದುಂಡಗಿರಬೇಕಾದ ಅಕ್ಷರಗಳೆಲ್ಲ ಇಕ್ಕೆಲದಿಂದ ಒತ್ತಿದಂತೆ ಸಣಕಲಾಗಿದ್ದವು.

ಮಾಸ್ತರರು ನಕ್ಕರು. "ಏನ್ ಮಾಡೂದ್ರಿ ಸಾಹೇಬ್ರ. ನಾನೂ ಹೇಳಿ ಹೇಳಿ ಹೈರಾಣಾದೆ. ಈ ಕೇರಿ ಹುಡುಗರು ಹ್ಯಾಂಗ ಬಡಕಲೋ, ಅವುಗಳ ಅಕ್ಷರನೂ ಹಂಗೇ ಬಡಕಲು."

ಸಾಹೇಬರು ನಕ್ಕರು. ಮುಂದಿನ ಮಕ್ಕಳು ತಿರುಗಿ ನೋಡಿ ನಕ್ಕವು. ಕಾಶಿ ಪಾಟಿಯನ್ನು ಎದೆಗೆ ಒತ್ತಿಕೊಂಡು ಕೂತಳು. ಬರೆದದ್ದೆಲ್ಲ ಅಂಗಿಗೆ ಒರೆಸಿಹೋಯಿತು.

ಜೀಪು ಹೋಯಿತು. ಆಕಾಶ ಆಗಲೇ ಕಪ್ಪಿಟ್ಟಿತ್ತು. ಗೌಡರು ಕೊಡೆ ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತರು. ಜಲ್ದಿ ಜಲ್ದಿ ಒಳಗೆ ಹಾಕಿರಿ, ಮಳೆ ಬರುವ ಹಾಗಿದೆ ಎಂದರು. ಮಾಸ್ತರರು ಊರೊಳಗಿನ ಮಕ್ಕಳನ್ನು ಗುಡಿಯ ಕಡೆ ಕಳಿಸಿದರು. ಹಿಂದಿನ ಗೋಡೆಯ ಕಡೆ ಕೈಬೀಸಿ, ನೀವು ಮನೆಗೆ ನಡೆಯಿರಿ ಎಂದರು. ಮಕ್ಕಳು ಎದ್ದು ನಿಂತವು.

ಸಾಬವ್ವ ಕಸಬರಿಗೆ ಹಿಡಿದು ಒಳಗೆ ಬಂದಳು. ಚೀಲ ಇಡುವ ಮೊದಲು ಚಹಾದ ಬಟ್ಟಲು ಎತ್ತಿ ನೆಲ ಗುಡಿಸಬೇಕು. ಗುಡಿಸುತ್ತ ಖೋಲಿಯ ನಡುವಿಗೆ ಬಂದು ತಲೆಯೆತ್ತಿದಳು. ಹಲಗೆ ನೇರ ಎದುರಿಗಿತ್ತು. ಮಾಸ್ತರರು ಬರೆದ ಸಾಲುಗಳು ಇನ್ನೂ ಹಾಗೇ ಇದ್ದವು. ಅಕ್ಷರಗಳು ದುಂಡಗಿದ್ದವು. ಹೊಟ್ಟೆ ತುಂಬ ಉಂಡವರ ಹಾಗೆ ದುಂಡಗಿದ್ದವು.

ಆಕೆ ನಿಂತೇಬಿಟ್ಟಳು.

ಇದೇ ಖೋಲಿಯಲ್ಲಿ ಆಕೆ ಮೂರನೆಯ ಇಯತ್ತೆಯವರೆಗೆ ಕಲಿತದ್ದು. ಇದೇ ಖೋಲಿಯಲ್ಲಿ ಅಲ್ಲ, ಇದರ ಹೊರಗೆ. ಬಾಗಿಲ ಪಕ್ಕದ ಜಗುಲಿಯ ಮೇಲೆ. ಆ ಕಾಲಕ್ಕೆ ಕೇರಿಯವರನ್ನು ಒಳಗೆ ಬಿಡುತ್ತಿರಲಿಲ್ಲ. ಹಲಗೆ ಇದ್ದದ್ದು ಬಾಗಿಲಿನ ಬದಿಯ ಅಡ್ಡಗೋಡೆಯಲ್ಲಿ. ಜಗುಲಿಯಿಂದ ಕತ್ತು ಚಾಚಿದರೆ ಅದು ಓರೆಯಾಗಿ, ಒಂದು ಪಟ್ಟಿಯಷ್ಟು ಕಾಣುತ್ತಿತ್ತು. ಓರೆಗಣ್ಣಿಗೆ ಪ್ರತಿ ಅಕ್ಷರವೂ ಸಣಕಲಾಗಿ ಕಂಡಿತ್ತು. ಕಂಡಂತೆ ಬರೆದಿದ್ದಳು. ಪುಸ್ತಕದಲ್ಲಿ ಅಕ್ಷರ ದುಂಡಗಿರುವುದನ್ನು ಆಕೆ ಆಮೇಲೆ ನೋಡಿರಲಿಲ್ಲ ಎಂದಲ್ಲ. ಅಚ್ಚಿನ ಅಕ್ಷರ ಬೇರೆ, ಕೈಯಿಂದ ಬರೆಯುವ ಅಕ್ಷರ ಬೇರೆ ಎಂದುಕೊಂಡಿದ್ದಳು. ಹೀಗಲ್ಲ ಎಂದು ಯಾರೂ ಹೇಳಿರಲಿಲ್ಲ. ಆಕೆಯ ಪಾಟಿಯನ್ನು ಕೈಯಲ್ಲಿ ಹಿಡಿದು ನೋಡಿದವರೇ ಇರಲಿಲ್ಲ.

ಈಗ ಅದನ್ನೇ ಮಗಳಿಗೆ ಕಲಿಸಿದ್ದಳು. ಇಡೀ ಕೇರಿಯ ಮಕ್ಕಳಿಗೆ ಕಲಿಸಿದ್ದಳು. ಮನೆಯೊಳಗೆ, ಒಲೆಯ ಮುಂದೆ, ರೊಟ್ಟಿ ಕೊಟ್ಟು ಕೂರಿಸಿಕೊಂಡು, ಅವರೆಲ್ಲರನ್ನೂ ಆ ಜಗುಲಿಯ ಮೇಲೆಯೇ ಕೂರಿಸಿದ್ದಳು.

ಆಕೆ ಕಸಬರಿಗೆಯನ್ನು ಗೋಡೆಗೆ ಆನಿಸಿದಳು. ಬಾಗಿಲಿಗೆ ಹೋದಳು. ಹೊಸ್ತಿಲ ಮೇಲೆ ಕೂತಳು.

ಹೊರಗಿನಿಂದ ಮೊದಲ ಚೀಲ ಹೊತ್ತು ಬಂದವನು ಚಂದ್ರಾಮ. ಬೆನ್ನು ನೆಲಕ್ಕೆ ಸಮನಾಗಿ ಬಾಗಿತ್ತು. ಅವನಿಗೆ ಕಂಡದ್ದು ಹೆಂಡತಿಯ ಕಾಲು ಮಾತ್ರ.

"ಸರಿ ಬೇ."

ಆಕೆ ಸರಿಯಲಿಲ್ಲ.

"ಸಾಬವ್ವ, ಸರಿ. ಬೆನ್ನು ಮುರೀತದ."

"ಹಿಂದಕ ಒಯ್ದು ಹಾಕು."

"ತಲಿ ಕೆಟ್ಟದೇನು ನಿನಗ? ಗೌಡ್ರು ನಿಂತಾರ."

"ನಿಂತಿರ್ಲಿ ಬಿಡು. ಅವರ ಬೆನ್ನ ಮ್ಯಾಲೇನೂ ಇಲ್ಲಲ್ಲ."

ಗೌಡರು ಹತ್ತಿರ ಬಂದರು. ದನಿ ಏರಿಸಲಿಲ್ಲ. ಏರಿಸುವ ಪ್ರಮೇಯ ಅವರಿಗೆ ಎಂದೂ ಬಂದಿರಲಿಲ್ಲ.

"ಏ ಚಂದ್ರ್ಯಾ, ನಿನ್ನ ಹೇಂತಿಗಿ ಏನಾಗ್ಯಾದಲೇ?"

"ದಣಿದೀನ್ರಿ," ಎಂದಳು ಸಾಬವ್ವ. "ಹೊರಗ ಹಾಕು ಅಂದ್ರಿ, ಹಾಕೇವಿ. ಒಳಗ ಹಾಕಂಗಿಲ್ಲ."

"ಸಾಲಿ ನಿಮ್ಮಪ್ಪಂದೇನು?"

"ಅಲ್ರಿ. ತೊಗರೀದೂ ಅಲ್ಲ."

 ಚೀಲ ಚಂದ್ರಾಮನ ಬೆನ್ನ ಮೇಲೆ ಒಂದೇ ಕಡೆ ವಾಲತೊಡಗಿತ್ತು. ಅವನ ಬೆವರು ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ತೊಟ್ಟಿಕ್ಕುವುದನ್ನು ಸಾಬವ್ವ ನೋಡುತ್ತ ಕೂತಳು. ಎದ್ದರೆ ಗಂಡನ ಬೆನ್ನು ಉಳಿಯುತ್ತದೆ. ಅದೂ ಆಕೆಗೆ ಗೊತ್ತಿತ್ತು.

ಮಾಸ್ತರರು ನಡುವೆ ಬಾಯಿ ಹಾಕಿದರು. "ಸಾಬವ್ವ, ಹಟ ಮಾಡಬ್ಯಾಡ. ಹುಡುಗರು ಮನ್ಯಾಗ ಚಲೋ ಕಲೀಲಾಕತ್ತಿದ್ವಲ್ಲ."

"ನನಗ ಬರೂದಷ್ಟೇ ಕಲ್ತಾವ್ರಿ. ನನಗ ಬಾಗಿಲ ಹೊರಗ ಕುಂತು ಕಂಡದ್ದಷ್ಟೇ ಬರ್ತದ. ಅಕ್ಷರ ಬಡಕಲು ಅಂದು ನಕ್ಕ್ರಲ್ಲ, ಅವು ನನ್ನವು. ನನಗ ಹೊರಗ ಕೂಡ್ಸಿದವರು ನಿಮ್ಮಂಥ ಮಾಸ್ತರರೇ. ಇವು ಹಲಗಿ ಮುಂದ ಕುಂದರಬೇಕು. ಮನಿ ನಾ ನೋಡ್ಕೋತೇನಿ. ಸಾಲಿ ನನ್ನ ಕೈಲೆ ಆಗಂಗಿಲ್ಲ."

 ಚಂದ್ರಾಮ ಒಂದು ಹೆಜ್ಜೆ ಹಿಂದಕ್ಕಿಟ್ಟ. ಇನ್ನೊಂದು ಇಟ್ಟ. ಆಮೇಲೆ ಬೆನ್ನನ್ನು ಒಮ್ಮೆ ಕೊಡವಿದ. ಚೀಲ ಅಂಗಳದಲ್ಲಿ ದೊಪ್ಪನೆ ಬಿತ್ತು. ಹೊಲಿಗೆ ಬಿಚ್ಚಿ ತೊಗರಿ ಗೌಡರ ಚಪ್ಪಲಿಯವರೆಗೆ ಹರಿಯಿತು. ಅವನು ಬೇಕೆಂದೇ ಕೆಡವಿದ ಎಂದು ಊರೊಳಗಿನವರು ಹೇಳುತ್ತಾರೆ. ಶಕ್ತಿ ತೀರಿತ್ತು ಎಂದು ಕೇರಿಯವರು ಹೇಳುತ್ತಾರೆ. ಚಂದ್ರಾಮ ಎರಡನ್ನೂ ಅಲ್ಲಗಳೆಯಲಿಲ್ಲ.

ಅವನ ಹಿಂದೆ ಚೀಲ ಹಿಡಿದಿದ್ದ ಮೂವರು ಹೆಂಗಸರು ಅದನ್ನು ಅಲ್ಲೇ ಇಳಿಸಿದರು. ಒಬ್ಬಳು ಬಂದು ಸಾಬವ್ವನ ಪಕ್ಕ ಕೂತಳು. ಹೊಸ್ತಿಲು ತುಂಬಿತು. ಉಳಿದವರು ಅಂಗಳದಲ್ಲಿ ಕೂತರು. ಘೋಷಣೆ ಇರಲಿಲ್ಲ, ಕೂಗು ಇರಲಿಲ್ಲ. ಬೆಳಗಿನಿಂದ ಹೊತ್ತ ಮೈಗಳು ನೆಲ ಕಂಡಲ್ಲಿ ಕೂತವು. ಒಳಗಿದ್ದ ಮಕ್ಕಳು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತವು. ಈ ಸಲ ಹಿಂದಿನ ಗೋಡೆಗಲ್ಲ. ಹಲಗೆಯ ಮುಂದೆ ತಟ್ಟು ಖಾಲಿ ಇತ್ತು.

ಆಗ ಮಳೆ ಬಂತು.

ಗೌಡರು ವಾಡೆಗೆ ಹೇಳಿಕಳಿಸಿದರು. ಅವರ ಇಬ್ಬರು ಮಕ್ಕಳು, ತಮ್ಮನ ಮಗ ಬಂದು ಬಯಲಿಗೆ ಇಳಿದರು. ಚೀಲ ಎತ್ತಿ ಹೊತ್ತು ಗೊತ್ತಿರದ ಬೆನ್ನುಗಳು. ಕೆಸರಿನಲ್ಲಿ ಜಾರಿದರು, ಒಬ್ಬರನ್ನೊಬ್ಬರು ಬೈದುಕೊಂಡರು. ಬಂಡಿ ತರುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ತೊಗರಿ ನೀರು ಕುಡಿದಿತ್ತು. ಉಳಿದದ್ದು ವಾಡೆಯ ಪಡಸಾಲೆಗೆ ಹೋಯಿತು. ಮಾಸ್ತರರು ಸೂರಿನ ಕೆಳಗೆ, ಒಳಗೂ ಅಲ್ಲ ಹೊರಗೂ ಅಲ್ಲ, ನೆನೆಯುತ್ತ ನಿಂತಿದ್ದರು.

"ಒಳಗ ಬರ್ರಿ ಮಾಸ್ತರ್ರ," ಎಂದು ಸಾಬವ್ವ ಕಾಲು ಮಡಿಚಿ ದಾರಿ ಬಿಟ್ಟಳು. "ನಿಮ್ಮನ್ನ ಯಾರೂ ಹೊರಗ ನಿಲ್ಲಂದಿಲ್ಲ."

ಅವರು ಒಳಗೆ ಬಂದರು. ಆ ದಿನ ಪಾಠವಾಗಲಿಲ್ಲ.

ಗೌಡರು ಯಾರ ಮೇಲೂ ಕೈ ಮಾಡಲಿಲ್ಲ. ಅಫಜಲಪುರದ ದಲ್ಲಾಳಿಗಳ ಅಡತಿಯಲ್ಲಿ ತೊಗರಿ ಹಾಳಾದ ಸುದ್ದಿ ಹಬ್ಬಿತ್ತು. ಯಾಕೆ ಬಯಲಿಗೆ ಬಂತೆಂದು ಹೇಳಹೋದರೆ ಸಾಲಿಯ ಮಾತು ಬರುತ್ತಿತ್ತು. ಅದಕ್ಕೇ ಖೋಲಿಗೆ ಕೀಲಿಯನ್ನೂ ಹಾಕಿಸಲಿಲ್ಲ. ಅವರು ಬೇರೆ ದಾರಿ ಹಿಡಿದರು. ಚಂದ್ರಾಮನ ಕರಾರು ಮುರಿಯಿತು. ಕೇರಿಯವರನ್ನು ಕಳೆಗೆ, ರಾಶಿಗೆ ಯಾರೂ ಕರೆಯದಂತಾಯಿತು. ಅಂಗಡಿಯವನು ಕೇರಿಯ ಕೈಗೆ ಎಣ್ಣೆ, ಉಪ್ಪು ಅಳೆಯಲಿಲ್ಲ. ಪ್ಯಾರಿಬಿ ತನ್ನ ಮನೆಯದನ್ನು ಹಂಚಿಕೊಂಡಳು. ಮೂರನೆಯ ದಿನ ಅವಳಿಗೂ ಅಳೆಯುವುದು ನಿಂತಿತು.

ದಸರೆಯಾದ ಮೇಲೆ ಗಂಡಸರು, ಕೈಲಾಗುವ ಹೆಂಗಸರು ಗಂಟು ಕಟ್ಟಿಕೊಂಡು ಆಳಂದ ಸೀಮೆಗೆ, ಭೂಸನೂರಿನ ಕಡೆ ಕಬ್ಬು ಕಡಿಯಲು ಹೋದರು. ಚಂದ್ರಾಮನೂ ಹೋದ. ಮಕ್ಕಳನ್ನೂ ಕರೆದುಕೊಂಡು ಹೋಗುವುದೇ ರೂಢಿ. ಸಾಬವ್ವ ಮನೆಮನೆಗೆ ಹೋಗಿ ಬೇಡಿದಳು.

"ಹುಡುಗರಿಗಿ ಇಲ್ಲೇ ಬಿಟ್ಟು ಹೋಗ್ರಿ. ಉಣ್ಣೂದು ಇದ್ದರ ಉಣಸ್ತೇನಿ, ಇಲ್ಲಾಂದ್ರ ನನ್ನ ಜೋಡಿ ಉಪವಾಸ ಇರ್ತಾವ."

"ನೀ ಒಬ್ಬಾಕಿ ಹ್ಯಾಂಗ ಮಾಡ್ತಿ ಬೇ?" ಎಂದಳೊಬ್ಬಳು.

"ಗೊತ್ತಿಲ್ಲ ತಾಯಿ."

ಕೆಲವರು ಬಿಟ್ಟರು. ಕೆಲವರು ಬಿಡಲಿಲ್ಲ. ಬಿಟ್ಟ ಮಕ್ಕಳು ಆಕೆಯ ಮನೆಯಲ್ಲಿ ಆಡಿನ ಪಕ್ಕ ಒತ್ತೊತ್ತಾಗಿ ಮಲಗಿದವು. ನುಚ್ಚು ಕುದಿಸಿ ನೀರು ಹೆಚ್ಚು ಹಾಕಿ ಹಂಚಿದಳು. ದಿನವೂ ಹೊತ್ತೇರುವ ಮೊದಲು ಅವುಗಳನ್ನು ಸಾಲಿಗೆ ನಡೆಸಿಕೊಂಡು ಹೋಗಿ ಹಲಗೆಯ ಮುಂದೆ ಕೂರಿಸಿ, ಮಾಸ್ತರರು ಬರುವವರೆಗೆ ಬಾಗಿಲಲ್ಲಿ ಇರುತ್ತಿದ್ದಳು. ಮಾಸ್ತರರು ಮುಖ ನೋಡದೆ ಪಾಠ ಹೇಳುತ್ತಿದ್ದರು. ಹೇಳುತ್ತಿದ್ದರಷ್ಟೇ. ಊರೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಬರುವುದನ್ನೇ ಬಿಟ್ಟವು.

ಒಂದು ಬೆಳಿಗ್ಗೆ ಕಾಶಿ ಏಳಲಿಲ್ಲ. ಮೈ ಬೆಚ್ಚಗಿತ್ತು.

"ಎವ್ವಾ, ಇವತ್ತೊಂದಿನ ಮನ್ಯಾಗ ಇರ್ತೇನಿ."

ಸಾಬವ್ವ ಮಗಳ ಹಣೆ ಮುಟ್ಟಿ ನೋಡಿದಳು. ಕೈ ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಕೌದಿಯನ್ನು ಮಗಳ ಮೈಗೆ ಸುತ್ತಿ ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಉಳಿದ ಮಕ್ಕಳು ಹಿಂದೆ ನಡೆದವು.

"ನನಗ ಓದಾಕ ಆಗಂಗಿಲ್ಲ ಎವ್ವಾ."

"ಓದಬ್ಯಾಡ. ಗ್ವಾಡಿಗಿ ಆನ್ಕೊಂಡು ಮಲಕೋ. ಜಾಗ ಖಾಲಿ ಬಿಟ್ರ ಚೀಲ ಬರ್ತಾವ."